ಲೆಫ್ಟಿನೆಂಟ್ ಇಲ್ಲದ ದೋಣಿ: 1743ರ ಬ್ರಿಸ್ಟಲ್ ಪ್ರಕರಣ ಮತ್ತು ನಾವಿಕರ ಬಲವಂತದ ಭರ್ತಿ

1743ರ ಆಗಸ್ಟ್ 30ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೆಷನ್ಸ್ ನ್ಯಾಯಾಲಯದಲ್ಲಿ ಅಲೆಕ್ಸಾಂಡರ್ ಬ್ರಾಡ್‌ಫುಟ್ ಎಂಬ ನಾವಿಕನ ಮೇಲೆ ಕೊಲೆಯ ಆರೋಪದ ವಿಚಾರಣೆ ನಡೆಯಿತು. ಸತ್ತವನು ಕಾರ್ನೀಲಿಯಸ್ ಕ್ಯಾಲಹನ್. ಅವನೂ ನಾವಿಕನೇ, ಆದರೆ ದೊರೆಯ ನೌಕಾಪಡೆಗೆ ಸೇರಿದ 'ಮಾರ್ಟರ್' ಎಂಬ ಸಣ್ಣ ಯುದ್ಧನೌಕೆಯವನು. ಬ್ರಾಡ್‌ಫುಟ್ ತಾನು ಕೊಂದದ್ದನ್ನು ಅಲ್ಲಗಳೆಯಲಿಲ್ಲ, ಅಲ್ಲಗಳೆಯುವಂತೆಯೂ ಇರಲಿಲ್ಲ, ಏಕೆಂದರೆ ಹಲವರ ಕಣ್ಣೆದುರಿಗೇ ಗುಂಡು ಹಾರಿತ್ತು. ನ್ಯಾಯಾಲಯದ ಮುಂದಿದ್ದದ್ದು ಬೇರೆಯೇ ಪ್ರಶ್ನೆ: ಯುದ್ಧಕಾಲದಲ್ಲಿ ನೌಕಾಪಡೆಯ ಜನ ವ್ಯಾಪಾರಿ ಹಡಗನ್ನು ಹತ್ತಿ, ಅಲ್ಲಿದ್ದ ನಾವಿಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಎಳೆದೊಯ್ಯಲು ಬಂದಾಗ, ಎಳೆಸಿಕೊಳ್ಳಬೇಕಾದವನು ಎದುರು ನಿಂತರೆ ಕಾನೂನು ಅವನನ್ನು ಹೇಗೆ ಕಾಣಬೇಕು?

ಬ್ರಿಟನ್ನಿನಲ್ಲಿ ನಾವಿಕರ ಬಲವಂತದ ಭರ್ತಿಯ ಬಗ್ಗೆ ನೂರಾರು ಗಲಭೆಗಳ, ಹೊಡೆದಾಟಗಳ, ಸಾವುಗಳ ದಾಖಲೆಗಳಿವೆ. ಅವುಗಳಲ್ಲಿ ಈ ಒಂದನ್ನು ಆರಿಸಿಕೊಳ್ಳಲು ಕಾರಣವಿದೆ. ಇದರಲ್ಲಿ ಒಬ್ಬ ಮನುಷ್ಯ ನೇಣಿನಿಂದ ಪಾರಾದ. ಆದರೆ ಅವನನ್ನು ಪಾರು ಮಾಡಿದ ಅದೇ ನ್ಯಾಯಾಧೀಶರ ಮಾತು, ಅವನಂಥ ಸಾವಿರಾರು ಜನರ ಮೇಲೆ ಸರ್ಕಾರಕ್ಕಿದ್ದ ಹಿಡಿತಕ್ಕೆ ಅದುವರೆಗೆ ಇಲ್ಲದಿದ್ದ ಗಟ್ಟಿಯಾದ ಕಾನೂನಿನ ತಳಹದಿಯನ್ನು ಹಾಕಿಕೊಟ್ಟಿತು. ಈ ಎರಡೂ ಒಂದೇ ದಿನ, ಒಂದೇ ಬಾಯಿಂದ ಹೊರಟವು ಎಂಬುದೇ ಈ ಪ್ರಕರಣದ ತಿರುಳು.

ಹಿನ್ನೆಲೆ: ಹಡಗುಗಳಿದ್ದವು, ಜನರಿರಲಿಲ್ಲ

1739ರ ಅಕ್ಟೋಬರಿನಲ್ಲಿ ಬ್ರಿಟನ್ ಸ್ಪೇನಿನ ಮೇಲೆ ಯುದ್ಧ ಸಾರಿತು. ಶಾಂತಿಕಾಲದ ನೌಕಾಪಡೆಗೆ ಹತ್ತು ಹದಿನೈದು ಸಾವಿರ ಜನರಿದ್ದರೆ ಸಾಕಾಗುತ್ತಿತ್ತು; ಯುದ್ಧ ಬಂದೊಡನೆ ಪಾರ್ಲಿಮೆಂಟ್ ಮಂಜೂರು ಮಾಡಿದ ಸಂಖ್ಯೆ ಕೆಲವೇ ವರ್ಷಗಳಲ್ಲಿ ಸುಮಾರು 40,000ಕ್ಕೆ ಏರಿತು. ಮಂಜೂರಾತಿ ಕಾಗದದ ಮೇಲಿನದು. ಹಾಯಿ ಬಿಚ್ಚಲು, ಕಟ್ಟಲು, ಬಿರುಗಾಳಿಯಲ್ಲಿ ಕೂವೆಮರ ಹತ್ತಲು, ಚುಕ್ಕಾಣಿ ಹಿಡಿಯಲು ಬಲ್ಲವನನ್ನು ಒಂದು ತಿಂಗಳಲ್ಲಿ ತಯಾರು ಮಾಡಲಾಗುವುದಿಲ್ಲ. ಹಾಗೆ ಬಲ್ಲವರು ದೇಶದಲ್ಲಿದ್ದದ್ದು ಒಂದೇ ಕಡೆ, ವ್ಯಾಪಾರಿ ಹಡಗುಗಳಲ್ಲಿ. ನೌಕಾಪಡೆಗೂ ವ್ಯಾಪಾರಿಗೂ ಬೇಕಾಗಿದ್ದ ಕೈಗಳು ಒಂದೇ ಆಗಿದ್ದವು.

ಇಲ್ಲಿ ಸಂಬಳದ ಲೆಕ್ಕವನ್ನು ನೋಡದೆ ಮುಂದೆ ಹೋಗುವಂತಿಲ್ಲ. ನೌಕಾಪಡೆಯಲ್ಲಿ ನುರಿತ ನಾವಿಕನಿಗೆ 28 ದಿನಗಳ ತಿಂಗಳಿಗೆ 24 ಶಿಲ್ಲಿಂಗ್, ಸಾಮಾನ್ಯ ನಾವಿಕನಿಗೆ 19 ಶಿಲ್ಲಿಂಗ್ ದರವನ್ನು ಗೊತ್ತುಮಾಡಿದ್ದು 1653ರಲ್ಲಿ. ಅದು ಬದಲಾದದ್ದು 1797ರಲ್ಲಿ, ಅದೂ ಪೋರ್ಟ್ಸ್‌ಮೌತ್ ಬಳಿಯ ಸ್ಪಿಟ್‌ಹೆಡ್ ಲಂಗರುದಾಣದಲ್ಲಿ ಅಲ್ಲಿದ್ದ ಇಡೀ ನೌಕಾಬಲವೇ ಲಂಗರು ಎತ್ತಲು ನಿರಾಕರಿಸಿ ನಿಂತ ಮೇಲೆ. ನಡುವಿನ ಸುಮಾರು ನೂರ ನಲವತ್ತು ವರ್ಷ ಒಂದೇ ದರ. ಆ ದರದಲ್ಲೂ ಗಾಯಗೊಂಡ ನಾವಿಕರಿಗೆಂದು ಇದ್ದ ಚಾಥಮ್ ನಿಧಿಗೆ, ನಾವಿಕರ ಗ್ರೀನಿಚ್ ಆಸ್ಪತ್ರೆಗೆ ಎಂದು ಕಡಿತಗಳಿದ್ದವು. ಉಳಿದದ್ದಾದರೂ ತಿಂಗಳು ತಿಂಗಳು ಕೈಗೆ ಬರುತ್ತಿರಲಿಲ್ಲ. ಓಡಿಹೋಗದಿರಲಿ ಎಂದು ಸಂಬಳವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಕಿ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಯುದ್ಧ ಬಂದಾಗ ವ್ಯಾಪಾರಿ ಹಡಗುಗಳಲ್ಲಿ ಇದೇ ಕೆಲಸಕ್ಕೆ ಕೂಲಿ ಇಮ್ಮಡಿಯಾಗುತ್ತಿತ್ತು, ಅದನ್ನೂ ಮೀರುತ್ತಿತ್ತು. ಬಲವಂತದ ಭರ್ತಿ ಎಂಬುದು ಯುದ್ಧದ ಅನಿವಾರ್ಯತೆಯಿಂದಷ್ಟೇ ಹುಟ್ಟಿದ್ದಲ್ಲ. ಮಾರುಕಟ್ಟೆಯ ಕೂಲಿ ಕೊಡಲು ಒಪ್ಪದ ಸರ್ಕಾರ, ಕೊಡದೆ ಉಳಿಸಿದ ಹಣವನ್ನು ನಾವಿಕನ ಸ್ವಾತಂತ್ರ್ಯದಿಂದ ವಸೂಲು ಮಾಡಿಕೊಂಡ ವ್ಯವಸ್ಥೆ ಅದು. ಈ ಅಂಶವನ್ನು ಬಿಟ್ಟು ಬರೀ ದೇಶರಕ್ಷಣೆಯ ಮಾತಾಡುವ ವಿವರಣೆಗಳು ಅರ್ಧಸತ್ಯಗಳು.

ಜನರ ಅಭಾವ ಎಷ್ಟಿತ್ತು ಎಂಬುದಕ್ಕೆ ಆ ಯುದ್ಧದ್ದೇ ಒಂದು ಉದಾಹರಣೆ ಸಾಕು. 1740ರಲ್ಲಿ ನೌಕಾಧಿಕಾರಿ ಜಾರ್ಜ್ ಆನ್ಸನ್ ಪೆಸಿಫಿಕ್ ಸಾಗರಕ್ಕೆ ಹೊರಟಾಗ ಭೂಸೈನಿಕರ ಬದಲಿಗೆ ಚೆಲ್ಸಿ ಆಸ್ಪತ್ರೆಯ ನಿವೃತ್ತ, ಅಶಕ್ತ ಸೈನಿಕರಲ್ಲಿ 500 ಜನರನ್ನು ಅವನಿಗೆ ಕೊಡಲು ಆದೇಶವಾಯಿತು. ಕಾಲಲ್ಲಿ ಶಕ್ತಿಯಿದ್ದವರೆಲ್ಲ ಪೋರ್ಟ್ಸ್‌ಮೌತ್‌ನಿಂದಲೇ ತಪ್ಪಿಸಿಕೊಂಡರು. ಕೊನೆಗೆ ಹಡಗು ಹತ್ತಿದವರು 259 ಜನ, ಅವರಲ್ಲಿ ಬಹುಮಂದಿ ಅರವತ್ತು ದಾಟಿದವರು. ಅವರಲ್ಲಿ ತಿರುಗಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರದಲ್ಲಿ ಸಾವು ಶತ್ರುವಿನ ತೋಪಿನಿಂದ ಬರುತ್ತಿದ್ದದ್ದು ಕಡಿಮೆ, ರೋಗದಿಂದ ಬರುತ್ತಿದ್ದದ್ದೇ ಹೆಚ್ಚು. ಮುಂದೆ ನಡೆದ 'ಏಳು ವರ್ಷಗಳ ಯುದ್ಧ'ದ (1756–63) ಬಗ್ಗೆ ಆಗಲೇ ಪ್ರಕಟವಾದ ಲೆಕ್ಕದ ಪ್ರಕಾರ ನೌಕಾಪಡೆಗೆ ಸೇರಿಸಿಕೊಂಡ 1,84,893 ಜನರಲ್ಲಿ ಕಾದಾಟದಲ್ಲಿ ಸತ್ತವರು 1,512. ರೋಗದಿಂದ ಸತ್ತವರು ಮತ್ತು ಕಾಣೆಯಾದವರು ಸೇರಿ 1,33,708. ಹೀಗೆ ಜನರನ್ನು ಕರಗಿಸುತ್ತಿದ್ದ ಪಡೆಗೆ ಸ್ವಇಚ್ಛೆಯಿಂದ ಸೇರುವವರು ಸಾಲದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಬೇರೆ ದಾರಿಯನ್ನು ಯಾರೂ ಯೋಚಿಸಲಿಲ್ಲವೆಂದಲ್ಲ. 1696ರಲ್ಲಿ ನಾವಿಕರು ತಾವಾಗಿ ಹೆಸರು ನೋಂದಾಯಿಸಿಕೊಳ್ಳುವ ಯೋಜನೆಯೊಂದು ಬಂದು, 1710ರಲ್ಲಿ ರದ್ದಾಯಿತು. ಈ ಯುದ್ಧದ ಆರಂಭದಲ್ಲೂ ನೋಂದಣಿಯ ಪ್ರಸ್ತಾಪ ಪಾರ್ಲಿಮೆಂಟಿನ ಮುಂದೆ ಬಂದು ಬಿದ್ದುಹೋಯಿತು. ಫ್ರಾನ್ಸಿನಲ್ಲಿ ಕರಾವಳಿಯ ನಾವಿಕರನ್ನೆಲ್ಲ ಪಟ್ಟಿಮಾಡಿ ಸರದಿಯಂತೆ ಕರೆಯುವ ಪದ್ಧತಿ ಇತ್ತು; ಅದು ನಿರಂಕುಶ ದೊರೆಗಳ ಪದ್ಧತಿ, ಸ್ವತಂತ್ರ ಇಂಗ್ಲಿಷರಿಗೆ ತಕ್ಕದ್ದಲ್ಲ ಎಂಬ ಮಾತು ಲಂಡನ್ನಿನಲ್ಲಿ ಗಟ್ಟಿಯಾಗಿ ಕೇಳಿಬರುತ್ತಿತ್ತು. ಪಟ್ಟಿಯಲ್ಲಿ ಹೆಸರು ಬರೆಸುವುದು ಸ್ವಾತಂತ್ರ್ಯಕ್ಕೆ ಧಕ್ಕೆ, ಆದರೆ ದೊಣ್ಣೆ ಹಿಡಿದ ಗುಂಪು ಬಂದು ಎಳೆದೊಯ್ಯುವುದು ಹಳೆಯ ವಾಡಿಕೆ ಎಂಬ ಈ ನಿಲುವನ್ನು ತಳೆದವರಲ್ಲಿ ಎಳೆಸಿಕೊಳ್ಳುವ ಭಯವಿದ್ದವರು ಒಬ್ಬರೂ ಇರಲಿಲ್ಲ.

ಘಟನೆ

ಬ್ರಿಸ್ಟಲ್ ನಗರ ಸಮುದ್ರದಿಂದ ಕೆಲವು ಮೈಲಿ ಒಳಗೆ, ಏವನ್ ನದಿಯ ಮೇಲಿದೆ. ನದಿ ಕಿರಿದು, ಉಬ್ಬರವಿಳಿತ ಭಾರಿ. ಆದ್ದರಿಂದ ವರ್ಜೀನಿಯದ ಹೊಗೆಸೊಪ್ಪು, ವೆಸ್ಟ್ ಇಂಡೀಸ್‌ನ ಸಕ್ಕರೆ ಹೊತ್ತು ಬಂದ ದೊಡ್ಡ ಹಡಗುಗಳು ಏವನ್ ನದಿಯ ಮುಖದ ಹೊರಗಿರುವ ಕಿಂಗ್‌ರೋಡ್ ಎಂಬ ನೀರಿನಲ್ಲಿ ಲಂಗರು ಹಾಕಿ ಉಬ್ಬರಕ್ಕೆ ಕಾಯುತ್ತಿದ್ದವು. ಬಲವಂತದ ಭರ್ತಿಯವರಿಗೆ ಇದಕ್ಕಿಂತ ಅನುಕೂಲವಾದ ಜಾಗ ಬೇರೆಯಿರಲಿಲ್ಲ. ನಾವಿಕ ಒಮ್ಮೆ ನೆಲಕ್ಕಿಳಿದರೆ ಊರಿನ ಗಲ್ಲಿಗಳಲ್ಲಿ, ನದಿದಡದ ಪಿಲ್ ಹಳ್ಳಿಯ ದೋಣಿಕಾರರ ಮನೆಗಳಲ್ಲಿ, ಹೊಲಗದ್ದೆಗಳಲ್ಲಿ ಮರೆಯಾಗಿಬಿಡುತ್ತಿದ್ದ. ಅದಕ್ಕಾಗಿ ಅವನನ್ನು ನೆಲ ಮುಟ್ಟುವ ಮೊದಲೇ ಹಿಡಿಯಬೇಕಿತ್ತು.

ಊರಿಗೆ ಹಿಂದಿರುಗುತ್ತಿದ್ದ ಹಡಗಿನ ನಾವಿಕರೆಂದರೆ ತಿಂಗಳುಗಟ್ಟಲೆ ಸಮುದ್ರದಲ್ಲಿ ಕಳೆದು, ಕೆಲಸದಲ್ಲಿ ಪಳಗಿ, ದುಡಿದ ಕೂಲಿಯನ್ನು ಇನ್ನೂ ಪಡೆಯದೆ, ಮನೆಯ ದಿಕ್ಕಿನ ಕರಾವಳಿಯನ್ನು ಕಣ್ಣಾರೆ ಕಾಣುತ್ತಿದ್ದವರು. ಆ ಗಳಿಗೆಯಲ್ಲಿ ಯುದ್ಧನೌಕೆಯ ದೋಣಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಹಡಗು ಬಂದರು ಸೇರಬೇಕಲ್ಲ ಎಂದು, ಹಿಡಿದವರ ಬದಲಿಗೆ ನೌಕಾಪಡೆಯವರು ತಮ್ಮ ಕೆಲವು ಜನರನ್ನು ಬಿಟ್ಟುಹೋಗುತ್ತಿದ್ದರು. ಬಾಕಿ ಕೂಲಿಗೆ ಹಡಗಿನ ಯಜಮಾನ ಚೀಟಿ ಬರೆದುಕೊಡಬೇಕಿತ್ತು. ಹಿಡಿದವನಿಗೆ, ತಾನಾಗಿಯೇ ಸೇರಿದೆನೆಂದು ಒಪ್ಪಿಕೊಂಡರೆ ಬಹುಮಾನದ ಹಣ ಸಿಗುತ್ತದೆ ಎಂದು ಹೇಳಲಾಗುತ್ತಿತ್ತು. ಹೇಗೂ ಬಿಡುಗಡೆಯಿಲ್ಲ ಎಂದರಿತ ಅನೇಕರು ಒಪ್ಪುತ್ತಿದ್ದರು. ನೌಕಾಪಡೆಯ ಪುಸ್ತಕಗಳಲ್ಲಿ 'ಸ್ವಯಂಪ್ರೇರಿತ' ಎಂದು ದಾಖಲಾದ ಹೆಸರುಗಳನ್ನೆಲ್ಲ ಅಕ್ಷರಶಃ ನಂಬುವಂತಿಲ್ಲ ಎಂಬುದಕ್ಕೆ ಇದೇ ಕಾರಣ.

1743ರ ಏಪ್ರಿಲ್ ಕೊನೆಯ ವಾರದಲ್ಲಿ ಕ್ಯಾಪ್ಟನ್ ಹ್ಯಾನ್‌ವೇ ಅವರ 'ಮಾರ್ಟರ್' ನೌಕೆ ಕಿಂಗ್‌ರೋಡ್‌ನಲ್ಲಿತ್ತು. ನಾವಿಕರನ್ನು ಹಿಡಿಯಲು, ನೌಕಾಪಡೆಯ ಆಡಳಿತ ನಡೆಸುತ್ತಿದ್ದ ಅಡ್ಮಿರಾಲ್ಟಿ ಮಂಡಳಿ ಕೊಟ್ಟ ವಾರಂಟ್ ಕ್ಯಾಪ್ಟನ್ನರ ಬಳಿಯಿತ್ತು. ಆ ವಾರಂಟಿನ ಒಕ್ಕಣೆಯನ್ನು ಗಮನಿಸಬೇಕು, ಏಕೆಂದರೆ ಒಬ್ಬ ಮನುಷ್ಯನ ಜೀವ ಅದರ ಒಂದು ಸಾಲಿಗೆ ಜೋತುಬಿದ್ದಿತ್ತು. ವಾರಂಟನ್ನು ಜಾರಿಮಾಡುವ ಕೆಲಸವನ್ನು ಕಮಿಷನ್ (ಅಧಿಕೃತ ನೇಮಕಪತ್ರ) ಪಡೆದ ಅಧಿಕಾರಿಗಲ್ಲದೆ ಬೇರೆ ಯಾರಿಗೂ ವಹಿಸಕೂಡದು, ಮತ್ತು ಹಾಗೆ ವಹಿಸಿದ ಅಧಿಕಾರಿಯ ಹೆಸರು, ಹುದ್ದೆಗಳನ್ನು ವಾರಂಟಿನ ಹಿಂಬದಿಯಲ್ಲಿ ಬರೆಯಬೇಕು ಎಂದು ಅದು ವಿಧಿಸಿತ್ತು. ಹ್ಯಾನ್‌ವೇ ನಿಯಮದಂತೆ ತಮ್ಮ ಲೆಫ್ಟಿನೆಂಟನ ಹೆಸರನ್ನು ಬರೆದರು. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು.

ಆದರೆ ಆ ದಿನ ದೋಣಿ ಹೊರಟಾಗ ಲೆಫ್ಟಿನೆಂಟ್ ಅದರಲ್ಲಿರಲಿಲ್ಲ. ಅವನು ಕಿಂಗ್‌ರೋಡ್‌ನಲ್ಲಿ ನೌಕೆಯಲ್ಲೇ ಉಳಿದ. ಕ್ಯಾಪ್ಟನ್ನರ ಆದೇಶದಂತೆ ದೋಣಿಯ ಜನ ತಾವೇ ಹೊರಗಿನ ಬ್ರಿಸ್ಟಲ್ ಕಡಲುಗಾಲುವೆಯ (ಚಾನೆಲ್) ಕಡೆಗೆ ಸಾಗಿ, ಊರಿಗೆ ಮರಳುತ್ತಿದ್ದ 'ಬ್ರೆಮೆನ್ ಫ್ಯಾಕ್ಟರ್' ಎಂಬ ವ್ಯಾಪಾರಿ ಹಡಗನ್ನು ಹತ್ತಿದರು. ಅಲ್ಲಿ ಬ್ರಾಡ್‌ಫುಟ್ ಅಗಲಬಾಯಿಯ ಬಂದೂಕು ಹಿಡಿದು ನಿಂತಿದ್ದ. ಏತಕ್ಕೆ ಬಂದಿರಿ ಎಂದು ಕೇಳಿದ. ನಿನಗಾಗಿ, ನಿನ್ನ ಜೊತೆಗಾರರಿಗಾಗಿ ಎಂದು ಉತ್ತರ ಬಂತು. ಹಿಂದೆ ಸರಿಯಿರಿ, ಬಂದೂಕಿನಲ್ಲಿ ದಪ್ಪ ಚರೆ ತುಂಬಿದೆ ಎಂದು ಅವನು ಎಚ್ಚರಿಸಿದ. ಬಂದವರು ನಿಂತರು, ಆದರೆ ಹಿಂದೆ ಸರಿಯಲಿಲ್ಲ. ಆಗ ಅವನು ಇನ್ನೊಂದು ಪ್ರಶ್ನೆ ಕೇಳಿದ: ನಿಮ್ಮ ಲೆಫ್ಟಿನೆಂಟ್ ಎಲ್ಲಿ? ಇಲ್ಲೇ, ದೂರವೇನಿಲ್ಲ ಎಂದರು. ಆ ಮಾತು ಮುಗಿದೊಡನೆ ಬ್ರಾಡ್‌ಫುಟ್ ಗುಂಡು ಹಾರಿಸಿದ. ಕ್ಯಾಲಹನ್ ಸತ್ತ, ಜೊತೆಯವರಿಗೂ ಗಾಯಗಳಾದವು.

ಈ ಎರಡನೆಯ ಪ್ರಶ್ನೆಯ ಮುಂದೆ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಬಂದೂಕು ಹಿಡಿದ ಸಾಮಾನ್ಯ ನಾವಿಕನೊಬ್ಬ, ತನ್ನನ್ನು ಹಿಡಿಯಲು ಬಂದವರೆದುರು, ಗುಂಡು ಹಾರಿಸುವ ಮೊದಲು ತಿಳಿಯಬಯಸಿದ್ದು ಅಧಿಕಾರಿ ಇದ್ದಾನೆಯೇ ಎಂಬುದನ್ನು. ಬಂದರುಗಳ ಕೆಲಸಗಾರರಲ್ಲಿ ಈ ಕಾನೂನಿನ ತಿಳಿವಳಿಕೆ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು ಎಂಬುದನ್ನು ಇದು ತೋರಿಸುತ್ತದೆ. ಯಾರಿಗೆ ವಿನಾಯಿತಿ ಚೀಟಿ ಇದೆ, ಯಾವ ವಯಸ್ಸಿನವರನ್ನು ಮುಟ್ಟುವಂತಿಲ್ಲ, ವಾರಂಟಿನಲ್ಲಿ ಯಾರ ಹೆಸರಿರಬೇಕು ಎಂಬುದೆಲ್ಲ ಅವರಿಗೆ ಜೀವನದ ಪ್ರಶ್ನೆಗಳಾಗಿದ್ದವು. ನಾವಿಕರನ್ನು ಒರಟರು, ಕುಡುಕರು, ಕಾನೂನಿನ ಗಂಧವಿಲ್ಲದವರು ಎಂದು ಚಿತ್ರಿಸುವ ಬರವಣಿಗೆ ಆ ಕಾಲದಲ್ಲಿ ಧಾರಾಳವಾಗಿತ್ತು. ಬ್ರಾಡ್‌ಫುಟ್‌ನ ಒಂದು ಪ್ರಶ್ನೆ ಅದನ್ನೆಲ್ಲ ಸುಳ್ಳು ಮಾಡುತ್ತದೆ.

ನ್ಯಾಯಾಲಯದಲ್ಲಿ

ವಿಚಾರಣೆ ನಡೆಸಿದವರು ಬ್ರಿಸ್ಟಲ್‌ನ ರೆಕಾರ್ಡರ್, ಅಂದರೆ ನಗರದ ಮುಖ್ಯ ನ್ಯಾಯಾಧಿಕಾರಿ, ಮೈಕೆಲ್ ಫಾಸ್ಟರ್. 1735ರಿಂದ ಆ ಹುದ್ದೆಯಲ್ಲಿದ್ದ ಅವರು 1745ರಲ್ಲಿ ದೊರೆಯ ಪೀಠವಾದ ಕಿಂಗ್ಸ್ ಬೆಂಚಿನ ನ್ಯಾಯಾಧೀಶರಾದರು. ಇವರನ್ನು ಅಧಿಕಾರದ ಹೊಗಳುಭಟರೆಂದು ತಳ್ಳಿಹಾಕುವಂತಿಲ್ಲ. ಚರ್ಚಿನ ನ್ಯಾಯಾಲಯಗಳು ತಮಗಿಲ್ಲದ ಅಧಿಕಾರವನ್ನು ಕೇಳುತ್ತಿವೆ ಎಂದು ಬಹಿರಂಗವಾಗಿ ವಾದಿಸಿ ಬರೆದವರು ಅವರು. ಕ್ರಿಮಿನಲ್ ಕಾನೂನಿನಲ್ಲಿ ಅವರ ಮಾತಿಗೆ ಮುಂದಿನ ತಲೆಮಾರುಗಳಲ್ಲೂ ಬೆಲೆಯಿತ್ತು. ಇದರಿಂದಲೇ ಅವರ ತೀರ್ಪು ಹೆಚ್ಚು ಪರಿಣಾಮ ಬೀರಿತು.

ಮೊಕದ್ದಮೆಯ ಮಟ್ಟಿಗೆ ಅವರ ನಿರ್ಣಯ ಸ್ಪಷ್ಟವಾಗಿತ್ತು. ವಾರಂಟ್ ಕಮಿಷನ್ ಪಡೆದ ಅಧಿಕಾರಿಯಿಂದಲೇ ಜಾರಿಯಾಗಬೇಕು, ಲೆಫ್ಟಿನೆಂಟ್ ದೋಣಿಯಲ್ಲಿರಲಿಲ್ಲ, ಆದ್ದರಿಂದ ದೋಣಿಯವರು ಮಾಡಿದ್ದೆಲ್ಲವೂ ಕಾನೂನಿನ ಬೆಂಬಲವಿಲ್ಲದೆ ಇನ್ನೊಬ್ಬರ ಸ್ವಾತಂತ್ರ್ಯದ ಮೇಲೆ ನಡೆಸಿದ ಆಕ್ರಮಣ. ಅಂಥ ಆಕ್ರಮಣದ ಎದುರು ನಡೆದ ಹತ್ಯೆ ಕೊಲೆಯಾಗದು, ಕೊಲೆಯಲ್ಲದ ಮಾನವಹತ್ಯೆಯಷ್ಟೇ ಆಗುತ್ತದೆ ಎಂದು ಜ್ಯೂರಿಗೆ ತಿಳಿಸಿದರು. ಜ್ಯೂರಿ ಹಾಗೆಯೇ ತೀರ್ಮಾನಿಸಿತು. ಕೊಲೆಗೆ ನೇಣು. ಮಾನವಹತ್ಯೆಗೆ, ಮೊದಲ ಸಲದವನಾಗಿದ್ದರೆ, ಕಾಯಿಸಿದ ಕಬ್ಬಿಣದಿಂದ ಕೈಗೆ ಬರೆ ಹಾಕಿ ಬಿಡುವುದು ಆಗಿನ ಸಾಮಾನ್ಯ ಪದ್ಧತಿ. ಎರಡರ ನಡುವೆ ಇದ್ದದ್ದು ದೋಣಿಯಲ್ಲಿ ಖಾಲಿಯಿದ್ದ ಒಂದು ಜಾಗ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಬಲವಂತದ ಭರ್ತಿಯೇ ಕಾನೂನುಬದ್ಧವೇ ಎಂಬ ದೊಡ್ಡ ಪ್ರಶ್ನೆಯನ್ನು ಮುಟ್ಟದೆಯೇ ಈ ಮೊಕದ್ದಮೆ ಮುಗಿಯುತ್ತಿತ್ತು, ಏಕೆಂದರೆ ವಾರಂಟಿನ ಜಾರಿಯೇ ದೋಷಪೂರ್ಣವಾಗಿದ್ದಾಗ ವಾರಂಟಿನ ಮೂಲವನ್ನು ಕೆದಕುವ ಅಗತ್ಯವಿರಲಿಲ್ಲ. ಫಾಸ್ಟರ್ ನಿಲ್ಲಿಸಲಿಲ್ಲ. ಇದು ಇಡೀ ರಾಷ್ಟ್ರಕ್ಕೆ ಸಂಬಂಧಿಸಿದ ಮಹತ್ವದ ವಿಷಯ ಎಂದು ಹೇಳಿ, ಅದನ್ನು ಕೈಗೆತ್ತಿಕೊಂಡರು. ಒಂದು ಕಡೆ ದೇಶಕ್ಕೆ ಅತ್ಯಂತ ಉಪಯುಕ್ತವಾದ ಜನವರ್ಗವೊಂದು, ಸ್ವತಂತ್ರ ಆಡಳಿತದ ಸ್ವಭಾವಕ್ಕೆ ಹೊಂದದ ಕಷ್ಟಗಳಿಗೆ ಗುರಿಯಾದಂತೆ ಕಾಣುತ್ತದೆ. ಇನ್ನೊಂದು ಕಡೆ ಎಲ್ಲರ ಸುರಕ್ಷತೆಯ ಅಗತ್ಯ ಆ ಜನರ ಸೇವೆಯನ್ನು ಕೇಳುವ ಹಕ್ಕನ್ನು ಸಮಾಜಕ್ಕೆ ಕೊಟ್ಟಂತೆಯೂ ಕಾಣುತ್ತದೆ. ಹೀಗೆ ಎರಡೂ ಪಕ್ಷಗಳನ್ನು ಇಟ್ಟುಕೊಂಡು ಅವರು ತಲುಪಿದ ನಿಲುವೆಂದರೆ, ನಾವಿಕರನ್ನು ಬಲವಂತವಾಗಿ ಸೇವೆಗೆ ತೆಗೆದುಕೊಳ್ಳುವ ಹಕ್ಕು ದೊರೆಗೆ ಸಹಜವಾಗಿ ಸೇರಿದ್ದು, ಅನಾದಿ ವಾಡಿಕೆಯ ಕಾನೂನಿನಲ್ಲಿ ಬೇರೂರಿದ್ದು ಮತ್ತು ಪಾರ್ಲಿಮೆಂಟಿನ ಅನೇಕ ಕಾಯಿದೆಗಳು ಅದನ್ನು ಮಾನ್ಯಮಾಡಿವೆ.

ಅವರ ವಾದದ ಜೋಡಣೆ ಜಾಣತನದ್ದು. ಬಲವಂತದ ಭರ್ತಿಗೆ ಅಧಿಕಾರ ಕೊಡುವ ನೇರವಾದ ಕಾಯಿದೆ ಯಾವುದೂ ಇರಲಿಲ್ಲ. ಅದಕ್ಕೆ ಬದಲಾಗಿ ಅವರು ಹಳೆಯ ದೊರೆಗಳು ನಾವಿಕರನ್ನು ಹಿಡಿಯಲು ಹೊರಡಿಸಿದ ಆದೇಶಗಳ ಸಾಲನ್ನೂ, ಆ ಅಧಿಕಾರ ಮೊದಲೇ ಇದೆಯೆಂದು ಭಾವಿಸಿಕೊಂಡು ಬರೆದ ಕಾಯಿದೆಗಳನ್ನೂ ಒಟ್ಟುಗೂಡಿಸಿದರು. ಎರಡನೆಯ ರಿಚರ್ಡ್‌ನ ಕಾಲದ, 1378ರ ಕಾಯಿದೆ, ದೊರೆಯ ಸೇವೆಗೆ ಹಿಡಿದ ನಾವಿಕರು ಓಡಿಹೋದರೆ ಶಿಕ್ಷೆ ವಿಧಿಸುತ್ತಿತ್ತು. 1555ರದು, ಭರ್ತಿಯ ಸಮಯದಲ್ಲಿ ಅಡಗಿಕೊಳ್ಳುವ ಥೇಮ್ಸ್ ನದಿಯ ದೋಣಿಕಾರರನ್ನು ದಂಡಿಸುತ್ತಿತ್ತು. ತೀರ ಹತ್ತಿರದ 1740ರ ಕಾಯಿದೆ, 18 ವರ್ಷಕ್ಕೆ ಕೆಳಗಿನವರನ್ನೂ 55 ದಾಟಿದವರನ್ನೂ, ವ್ಯಾಪಾರಿ ಹಡಗುಗಳಲ್ಲಿ ದುಡಿಯುವ ವಿದೇಶೀಯರನ್ನೂ, ಸಮುದ್ರಕ್ಕೆ ಹೊಸದಾಗಿ ಬಂದವರನ್ನು ಮೊದಲ ಎರಡು ವರ್ಷವೂ ಬಲವಂತದಿಂದ ಹೊರಗಿಟ್ಟಿತ್ತು. ಕೆಲವರಿಗೆ ವಿನಾಯಿತಿ ಕೊಟ್ಟಿದೆಯೆಂದರೆ ಉಳಿದವರ ಮೇಲೆ ಅಧಿಕಾರವಿದೆ ಎಂದೇ ಅರ್ಥವಲ್ಲವೇ ಎಂಬುದು ಫಾಸ್ಟರರ ತರ್ಕ. ನಾವಿಕರ ಗೋಳನ್ನು ತುಸು ಕಡಿಮೆ ಮಾಡಲೆಂದು ಬಂದ ವಿನಾಯಿತಿಗಳೇ ಹೀಗೆ ಅವರ ಬಂಧನಕ್ಕೆ ಸಾಕ್ಷಿಗಳಾಗಿ ನಿಂತವು. ಈ ಪ್ರಕರಣದಲ್ಲಿ ಮನಸ್ಸನ್ನು ಅತಿಯಾಗಿ ಕಲಕುವ ತಿರುವು ಇದೇ.

ಅವರು ಒಂದು ಗಡಿಯನ್ನೂ ಎಳೆದರು. ಭೂಸೈನ್ಯಕ್ಕೆ ಜನರನ್ನು ಹೀಗೆ ಹಿಡಿಯಬಹುದೇ, ಸಮುದ್ರ ಕಾಣದವರನ್ನು ಹಿಡಿಯಬಹುದೇ ಎಂಬುದು ತಮ್ಮ ಮುಂದಿಲ್ಲ. ತಾವಾಗಿಯೇ ಸಮುದ್ರದ ಜೀವನವನ್ನು ಆರಿಸಿಕೊಂಡು, ಆ ಕೆಲಸದಲ್ಲಿ ಪಳಗಿದವರ ಬಗ್ಗೆ ಮಾತ್ರ ತಮ್ಮ ಮಾತು ಎಂದರು. ಮೇಲ್ನೋಟಕ್ಕೆ ಇದು ಅಧಿಕಾರವನ್ನು ಮಿತಗೊಳಿಸುವ ಗಡಿ. ಆದರೆ ಅದರ ಒಳಗೆ ಸಿಕ್ಕವರ ಪಾಲಿಗೆ, ಹನ್ನೆರಡನೆಯ ವಯಸ್ಸಿನಲ್ಲಿ ಹೊಟ್ಟೆಪಾಡಿಗಾಗಿ ಹಿಡಿದ ಕಸುಬು ಮುಂದೆ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟ ಒಪ್ಪಿಗೆಪತ್ರವಾಗಿ ಓದಿಸಿಕೊಂಡಿತು. ಯುದ್ಧವೇ ಒಂದು ದೊಡ್ಡ ಕೇಡು, ಇನ್ನೂ ದೊಡ್ಡ ಕೇಡನ್ನು ತಪ್ಪಿಸಲು ಅದನ್ನು ಆರಿಸಿಕೊಳ್ಳುತ್ತೇವೆ. ರಾಷ್ಟ್ರದ ವಿಪತ್ತನ್ನು ತಡೆಯಲು ಖಾಸಗಿ ಕಷ್ಟಗಳನ್ನು ತಾಳ್ಮೆಯಿಂದ ಸಹಿಸಬೇಕು ಎಂದೂ ಫಾಸ್ಟರ್ ಹೇಳಿದರು. ಸಹಿಸಬೇಕಾದವರು ಯಾರು ಎಂಬುದನ್ನು ಆ ಗಡಿ ಆಗಲೇ ತೀರ್ಮಾನಿಸಿಯಾಗಿತ್ತು.

ನಮ್ಮ ಕಾನೂನಿನ ಕಣ್ಣಿನಲ್ಲಿ

ಇಲ್ಲಿ ಒಂದು ಮಾತು, ಭಾರತದ ಕ್ರಿಮಿನಲ್ ಕಾನೂನನ್ನು ಬಲ್ಲ ಓದುಗರಿಗಾಗಿ. ಕೊಲೆ ಮತ್ತು ಕೊಲೆಯಲ್ಲದ ಮಾನವಹತ್ಯೆಯ ನಡುವಿನ ವ್ಯತ್ಯಾಸವನ್ನು ಭಾರತೀಯ ದಂಡಸಂಹಿತೆ ಇಂಗ್ಲಿಷ್ ಕಾನೂನಿನ ಪರಂಪರೆಯಿಂದ ಪಡೆದು ತನ್ನದೇ ರೀತಿಯಲ್ಲಿ ಬರೆದುಕೊಂಡಿತು. ಆದರೆ ಅಧಿಕಾರಿಯ ಕೃತ್ಯದಲ್ಲಿ ದೋಷವಿದ್ದಾಗ ಎದುರಿಸುವವನ ಹಕ್ಕೇನು ಎಂಬಲ್ಲಿ ಅದು ಹೆಚ್ಚು ಬಿಗಿ. ಹಳೆಯ ಸಂಹಿತೆಯ 99ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮು, ಸಾರ್ವಜನಿಕ ನೌಕರನು ತನ್ನ ಹುದ್ದೆಯ ಬಲದಿಂದ ಸದ್ಭಾವನೆಯಿಂದ ಮಾಡಿದ ಕೃತ್ಯ ಕಾನೂನಿಗೆ ಕಟ್ಟುನಿಟ್ಟಾಗಿ ಹೊಂದದಿದ್ದರೂ, ಸಾವಿನ ಅಥವಾ ತೀವ್ರ ಗಾಯದ ಭಯವಿಲ್ಲದ ಹೊರತು ಅದರ ವಿರುದ್ಧ ಆತ್ಮರಕ್ಷಣೆಯ ಹಕ್ಕಿಲ್ಲ ಎನ್ನುತ್ತದೆ. ಅದೇ ನಿಯಮ ನೌಕರನ ನಿರ್ದೇಶನದಂತೆ ನಡೆಯುವವರಿಗೂ ಅನ್ವಯಿಸುತ್ತದೆ. ಆದರೆ ಆ ಕಲಮಿಗೆ ಒಂದು ವಿವರಣೆಯೂ ಇದೆ: ಬಂದವರು ಯಾರ ಅಧಿಕಾರದಿಂದ ಬಂದಿದ್ದಾರೆಂಬುದು ಎದುರಿನವನಿಗೆ ಗೊತ್ತಿರಬೇಕು, ಇಲ್ಲವೇ ಅವರು ಅದನ್ನು ಹೇಳಬೇಕು, ಬರಹದ ಆದೇಶವಿದ್ದು ಕೇಳಿದಾಗ ಅದನ್ನು ತೋರಿಸಬೇಕು. ಬ್ರಾಡ್‌ಫುಟ್ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಸಿಕ್ಕ ಉತ್ತರ ಅಧಿಕಾರವನ್ನು ತೋರಿಸುವ ಉತ್ತರವಾಗಿರಲಿಲ್ಲ.

ಅವನು ಪೂರ್ತಿ ಬಿಡುಗಡೆ ಹೊಂದದೆ ಮಾನವಹತ್ಯೆಗೆ ಹೊಣೆಯಾದದ್ದು ನ್ಯಾಯವೇ? ನನ್ನ ಅಭಿಪ್ರಾಯದಲ್ಲಿ ಆ ಭಾಗ ಸರಿಯಾದದ್ದೇ. ಬಂದವರು ಎಚ್ಚರಿಕೆಗೆ ನಿಂತಿದ್ದರು. ಗುಂಡು ಹಾರಿದ ಗಳಿಗೆಯಲ್ಲಿ ಅವನ ಪ್ರಾಣಕ್ಕೆ ಅಪಾಯವಿತ್ತೆಂದು ಹೇಳಲಾಗದು. ಕ್ಯಾಲಹನ್ ವಾರಂಟನ್ನು ಬರೆದವನಲ್ಲ, ಲೆಫ್ಟಿನೆಂಟನನ್ನು ಹಿಂದೆ ಉಳಿಸಿದವನೂ ಅಲ್ಲ. ಕಳಿಸಿದ ಕಡೆಗೆ ಹೋದವನು. ಬಲವಂತದ ಭರ್ತಿಯ ಇತಿಹಾಸದಲ್ಲಿ ಸತ್ತವರೂ ಕೊಂದವರೂ ಬಹುಪಾಲು ಒಂದೇ ಕಸುಬಿನ, ಒಂದೇ ಬಡತನದ ಜನ. ಆದೇಶ ಕೊಟ್ಟವರ ಮೈಮೇಲೆ ಚರೆ ಬಿದ್ದದ್ದು ವಿರಳ. ಅಧಿಕಾರಿಯಿಲ್ಲದೆ ದೋಣಿಯನ್ನು ಕಳಿಸಿದ ಹೊಣೆ ಈ ಮೊಕದ್ದಮೆಯಲ್ಲಿ ಯಾರ ಮೇಲೂ ಬೀಳಲಿಲ್ಲ ಎಂಬುದೇ ನನಗೆ ಇದರ ಅತಿ ದೊಡ್ಡ ಕೊರತೆಯಾಗಿ ಕಾಣುತ್ತದೆ.

ತೀರ್ಪಿನ ಮುಂದಿನ ಬಾಳು

ಫಾಸ್ಟರರ ಮಾತು ಅಚ್ಚಾಗಿ ಹರಡಿತು. ಇಂಗ್ಲಿಷ್ ಕಾನೂನಿಗೆ ವ್ಯಾಖ್ಯಾನ ಬರೆದ ಬ್ಲ್ಯಾಕ್‌ಸ್ಟನ್, ಈ ಅಧಿಕಾರದ ಬಗ್ಗೆ ವಿವಾದವಿದೆ, ಜನ ಅದಕ್ಕೆ ಒಲ್ಲದ ಮನಸ್ಸಿನಿಂದ ತಲೆಬಾಗಿದ್ದಾರೆ ಎಂದು ಒಪ್ಪಿಕೊಂಡರೂ, ಫಾಸ್ಟರ್ ಅದನ್ನು ಸ್ಪಷ್ಟವಾಗಿ ಸಾಬೀತುಪಡಿಸಿದ್ದಾರೆ ಎಂದು ಬರೆದರು. 1776ರಲ್ಲಿ ಲಂಡನ್ ನಗರದ ದೋಣಿಕಾರ ಜಾನ್ ಟಬ್ಸ್ ಎಂಬವನ ಪ್ರಕರಣ ಬಂದಾಗ ಮುಖ್ಯ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡ್, ಈ ಅಧಿಕಾರ ಅನಾದಿ ವಾಡಿಕೆಯ ಮೇಲೆ ನಿಂತಿದೆ, ಅದನ್ನು ಸಮರ್ಥಿಸಬಲ್ಲದ್ದು ರಾಷ್ಟ್ರದ ಅಗತ್ಯವೊಂದೇ ಎಂಬ ದಾರಿಯಲ್ಲೇ ನಡೆದರು. ಬ್ರಾಡ್‌ಫುಟ್‌ನಿಗೆ ಉಸಿರು ಕೊಟ್ಟ ಸಣ್ಣ ನಿಯಮ ಆ ಹಡಗಿನಲ್ಲೇ ಉಳಿಯಿತು. ದೊಡ್ಡ ತತ್ವ ಎಲ್ಲ ಬಂದರುಗಳಿಗೂ ಹೋಯಿತು.

ಅದೇ ಕಾಲದಲ್ಲಿ ಅಟ್ಲಾಂಟಿಕ್‌ನ ಆಚೆ ನಡೆದ ಪ್ರಕರಣವೊಂದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1769ರ ಏಪ್ರಿಲಿನಲ್ಲಿ ಮ್ಯಾಸಚೂಸೆಟ್ಸ್‌ನ ಕರಾವಳಿಯಾಚೆ, 'ರೋಸ್' ಎಂಬ ಯುದ್ಧನೌಕೆಯ ಲೆಫ್ಟಿನೆಂಟ್ ಹೆನ್ರಿ ಪ್ಯಾಂಟನ್ 'ಪಿಟ್ ಪ್ಯಾಕೆಟ್' ಎಂಬ ವ್ಯಾಪಾರಿ ಹಡಗನ್ನು ಹತ್ತಿದ. ಅಡಗಿ ಕುಳಿತಿದ್ದ ನಾವಿಕರಲ್ಲಿ ಮೈಕೆಲ್ ಕಾರ್ಬೆಟ್ ಎಂಬವನು ಈ ಗೆರೆ ದಾಟಬೇಡ ಎಂದು ಎಚ್ಚರಿಸಿ, ದಾಟಿದಾಗ ಈಟಿಗಾಳದಿಂದ ತಿವಿದು ಕೊಂದ. ಇಲ್ಲಿ ಲೆಫ್ಟಿನೆಂಟ್ ಖುದ್ದಾಗಿ ಬಂದಿದ್ದ. ಬ್ರಿಸ್ಟಲ್‌ನ ರಕ್ಷಣೆ ಇವರಿಗೆ ಸಿಗುವಂತಿರಲಿಲ್ಲ. ಅವರ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದವನು, ಅಮೆರಿಕದ ವಸಾಹತುಗಳಲ್ಲಿ ಬಲವಂತದ ಭರ್ತಿಯನ್ನು ನಿಷೇಧಿಸಿದ್ದ ಆನ್ ರಾಣಿಯ ಕಾಲದ ಕಾಯಿದೆಯನ್ನು ಕೈಯಲ್ಲಿ ಹಿಡಿದು ಬಂದಿದ್ದ. ಬಾಸ್ಟನ್ನಿನ ವಿಶೇಷ ನ್ಯಾಯಾಲಯ ಅದನ್ನು ಸಮರ್ಥನೀಯ ಹತ್ಯೆಯೆಂದು ಪರಿಗಣಿಸಿ ನಾವಿಕರನ್ನು ಬಿಡುಗಡೆ ಮಾಡಿತು. ಅಧಿಕಾರವನ್ನು ತಡೆಯುವ ಬರಹದ ಕಾಯಿದೆ ಇರುವುದಕ್ಕೂ, ವಾಡಿಕೆಯನ್ನು ಕಾನೂನೆಂದು ಓದುವುದಕ್ಕೂ ಇರುವ ಅಂತರ ಈ ಎರಡು ಹಡಗುಗಳ ನಡುವೆ ಕಾಣುತ್ತದೆ.

ಫಾಸ್ಟರರ ವಾದಕ್ಕೆ ಬಂದ ಉತ್ತರಗಳಲ್ಲಿ ನನಗೆ ಅತ್ಯಂತ ನೇರವಾದದ್ದೆನಿಸುವುದು ಅಮೆರಿಕದ ರಾಜನೀತಿಜ್ಞ ಬೆಂಜಮಿನ್ ಫ್ರಾಂಕ್ಲಿನ್‌ನದು. ಫಾಸ್ಟರರ ಮುದ್ರಿತ ತೀರ್ಪಿನ ಮೇಲೆ ಅವನು ಬರೆದ ಟಿಪ್ಪಣಿಗಳು ಉಳಿದಿವೆ. ಅವನು ಹಳೆಯ ಕಾಯಿದೆಗಳ ಜಗಳಕ್ಕಿಂತ ಲೆಕ್ಕದ ಪುಸ್ತಕವನ್ನು ಮುಂದಿಟ್ಟ. ಸಮಾಜದ ಒಳಿತಿಗಾಗಿ ಕೆಲವರು ನಷ್ಟ ಅನುಭವಿಸಬೇಕಾದರೆ, ಆ ನಷ್ಟವನ್ನು ಇಡೀ ಸಮಾಜ ಹಂಚಿಕೊಂಡು ತುಂಬಿಕೊಡಬೇಕು. ವ್ಯಾಪಾರಿ ಹಡಗಿನಲ್ಲಿ ಇಮ್ಮಡಿ ಕೂಲಿ ಪಡೆಯಬಲ್ಲವನನ್ನು ಅರ್ಧ ಕೂಲಿಗೆ ಎಳೆತಂದರೆ, ಉಳಿದರ್ಧ ಅವನಿಂದ ವಸೂಲಾದ ತೆರಿಗೆಯೇ ಸರಿ, ಅದೂ ಬಡವನೊಬ್ಬನ ಮೇಲೆ ಬಿದ್ದ ತೆರಿಗೆ. ಅಗತ್ಯವೇ ಹಕ್ಕನ್ನು ಕೊಡುವುದಾದರೆ ನ್ಯಾಯಾಧೀಶರನ್ನೂ ಸರ್ಕಾರದ ದೊಡ್ಡ ಸಂಬಳದ ಅಧಿಕಾರಿಗಳನ್ನೂ ಅದೇ ರೀತಿ ಹಿಡಿದು, ಕಡಿಮೆ ಸಂಬಳಕ್ಕೆ ದುಡಿಸಿ, ಉಳಿದ ಹಣದಿಂದ ನಾವಿಕರಿಗೆ ನ್ಯಾಯವಾದ ಕೂಲಿ ಕೊಡಬಹುದಲ್ಲ ಎಂದು ಅವನು ಕೇಳಿದ. ಖಾಸಗಿ ಕಷ್ಟವನ್ನು ಸಹಿಸಬೇಕೆಂಬ ಫಾಸ್ಟರರ ಮಾತಿಗೆ ಇದಕ್ಕಿಂತ ಸರಿಯಾದ ಪರೀಕ್ಷೆ ಇಲ್ಲ.

ಫ್ರಾನ್ಸ್ ವಿರುದ್ಧದ ದೀರ್ಘ ಯುದ್ಧಗಳಲ್ಲಿ ಈ ವ್ಯವಸ್ಥೆ ತನ್ನ ಶಿಖರವನ್ನು ಮುಟ್ಟಿತು. 1795ರಲ್ಲಿ ಪ್ರತಿ ಜಿಲ್ಲೆ, ಪ್ರತಿ ಬಂದರು ಇಷ್ಟಿಷ್ಟು ಜನರನ್ನು ಕೊಡಬೇಕೆಂಬ ಕಾಯಿದೆಗಳು ಬಂದವು. ಎರಡು ವರ್ಷಗಳ ನಂತರ ಸ್ಪಿಟ್‌ಹೆಡ್ ಮತ್ತು ಥೇಮ್ಸ್ ನದಿಯ ಮುಖದ ನೋರ್‌ಗಳಲ್ಲಿ ದಂಗೆಯೆದ್ದ ನಾವಿಕರ ಬೇಡಿಕೆಗಳಲ್ಲಿ ಸಂಬಳ ಎಲ್ಲಕ್ಕಿಂತ ಮುಂದಿತ್ತು. ಅಮೆರಿಕದ ಹಡಗುಗಳಿಂದ ಜನರನ್ನು ಎಳೆದದ್ದು 1812ರ ಯುದ್ಧಕ್ಕೆ ಕಾರಣಗಳಲ್ಲೊಂದಾಯಿತು. 1815ರ ನಂತರ ಶಾಂತಿ ಬಂದು, ಬಲವಂತದ ಭರ್ತಿ ನಿಂತಿತು. ಆದರೆ ಅದನ್ನು ರದ್ದುಮಾಡುವ ಕಾಯಿದೆ ಬರಲಿಲ್ಲ. 1835ರಲ್ಲಿ ಪಾರ್ಲಿಮೆಂಟ್ ಮಾಡಿದ್ದು, ಹೀಗೆ ಹಿಡಿದವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಐದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು ಮಿತಿ ಹಾಕಿದ್ದು ಮತ್ತು ನಾವಿಕರ ನೋಂದಣಿಯನ್ನು ಜಾರಿಗೆ ತಂದದ್ದು. ದೊರೆಯ ಹಕ್ಕನ್ನು ಅದು ಮುಟ್ಟಲಿಲ್ಲ.

1853ರಲ್ಲಿ ನೌಕಾಪಡೆ ಹತ್ತು ವರ್ಷಗಳ ನಿರಂತರ ಸೇವೆಯ ಪದ್ಧತಿಯನ್ನು ತಂದಿತು: ಗೊತ್ತಾದ ಅವಧಿ, ಹೆಚ್ಚಿನ ಸಂಬಳ, ಸೇವೆಯ ಕೊನೆಗೆ ಪಿಂಚಣಿ. ಮರುವರ್ಷವೇ ರಷ್ಯಾದ ಮೇಲೆ ಯುದ್ಧ ಬಂತು. ಬಾಲ್ಟಿಕ್ ಸಮುದ್ರಕ್ಕೆ ಕಳಿಸಿದ ಹಡಗುಗಳಿಗೆ ಜನರನ್ನು ಹೊಂದಿಸಲು ಅಡ್ಮಿರಾಲ್ಟಿ ಪರದಾಡಿತು; ನುರಿತ ನಾವಿಕರು ಸಾಲದೆ ಹೋದರು. ಆದರೂ ಈ ಬಾರಿ ವಾರಂಟ್ ಹಿಡಿದ ದೋಣಿ ಯಾವ ವ್ಯಾಪಾರಿ ಹಡಗಿನ ಪಕ್ಕಕ್ಕೂ ಹೋಗಲಿಲ್ಲ.